ಎವೆಗೂದಲು

ಬಾ ಕೈರಿ, ಕೋಟು ಅಲ್ಲಿ ತೂಗುಹಾಕು.
ಆಸ್ಪತ್ರೆಯ ನೆಲಮಾಳಿಗೆ ಇದು,
ತಾರ್ತುವಿನ ಮಾರ್ಚ್ ತಿಂಗಳು ಇಲ್ಲಿಗಿಳಿಯುವುದಿಲ್ಲ.
ಮೇಲೆ ಬಸ್ಸು ಹೋದಾಗ ಮಾತ್ರ ಕೈ ಎತ್ತು;
ರಸ್ತೆ ನಡುಗಿದರೆ ಕೊಯ್ತ ಕೆಟ್ಟಿತೆಂದೇ ಲೆಕ್ಕ.

ಇದು ವಜ್ರದ ಅಲಗು. ನಿನ್ನ ಆರು ತಿಂಗಳ ಸಂಬಳ.
ಅದರ ಹಿಂದೆ ಉಗುರಿನಗಲದ ಕೊಳ.
ರಾಳದಲ್ಲಿ ಹೂತ ಯಕೃತ್ತಿನ ಚೂರು
ಇಳಿಯುತ್ತದೆ, ಒಮ್ಮೆ ತಾಗುತ್ತದೆ, ಏರುತ್ತದೆ,
ನೀರಿನ ಮೇಲೊಂದು ಪದರ ತೇಲುತ್ತದೆ.
ಬಣ್ಣ ನೋಡು. ನೇರಳೆಯಾದರೆ ದಪ್ಪ, ಎಸೆ.
ಹೊನ್ನಾದರೂ ನನಗೆ ಬೇಡ.
ಬೆಳ್ಳಿ ಬರಬೇಕು,
ಬೂದಿಯಲ್ಲಿ ಉಜ್ಜಿದ ಹಳೇ ಚಮಚದ ಬೆಳ್ಳಿ.

ಅದನ್ನು ಮುಟ್ಟುವುದು ಯಾವುದರಿಂದ ಅಂದೆಯಲ್ಲ?
ಇಗೋ, ಕಡ್ಡಿಯ ತುದಿಗೆ ಅಂಟಿಸಿದ
ಒಂದು ಎವೆಗೂದಲು.
ನಗಬೇಡ. ಇಷ್ಟು ಮೆತ್ತಗೆ, ಇಷ್ಟು ಬಾಗಿ, ಇಷ್ಟು ಮೊನಚಾಗಿ
ಯಾವ ಕಾರ್ಖಾನೆಯೂ ಮಾಡಿ ಕೊಟ್ಟಿಲ್ಲ.
ಇದು ಲೈಡಾಳದು, ನನಗೆ ಕಲಿಸಿದವಳು.
ಅವಳು ಹೋಗಿ ಹನ್ನೊಂದು ವರ್ಷ;
ಅವಳ ಎವೆ ಇನ್ನೂ ರಜೆ ಕೇಳಿಲ್ಲ.

ಈಗ ದೀಪ ಆರಿಸು.
ಪರದೆಯ ಮೇಲೆ ಬರುವುದೆಲ್ಲ ಬೂದು,
ಪಠ್ಯದ ಹಸಿರು ಗುಲಾಬಿ ಹುಡುಕಬೇಡ.
ಆ ದುಂಡಗಿನದು ಕೋಶಕೇಂದ್ರ. ಪೊರೆ ಎರಡು ಪದರ,
ನಡುನಡುವೆ ಕಿಂಡಿ, ಓಲೆ ಹೊರಹೋಗಲು.
ಅದಕ್ಕೆ ಆತುಕೊಂಡು ಮಡಿಕೆ ಮಡಿಕೆಯಾಗಿ ಜಾಲ,
ಜಾಲದ ಅಂಚಿಗೆ ಗಸಗಸೆ ಚೆಲ್ಲಿದಂತೆ ರೈಬೋಸೋಮು,
ಓಲೆ ಓದಿಕೊಂಡು ಪ್ರೋಟೀನು ಹೆಣೆಯುವ ಕಾಳು.

ಹೆಣೆಯುವ ಅಂದೆನಲ್ಲ, ಅದು ಸುಳ್ಳು.
ಹೆಣೆದದ್ದು ನಾನೆಂದೂ ಕಂಡಿಲ್ಲ.
ಮೂವತ್ತೊಂದು ವರ್ಷ ಎವೆಯಿಕ್ಕದೆ ನೋಡಿದ್ದೇನೆ,
ಒಂದು ಕೋಶವೂ ನನ್ನೆದುರು ಕೆಲಸ ಮಾಡಿಲ್ಲ.
ಆಸ್ಮಿಯಂ ಹೀರಿ ನಿಂತ ನಿಲುವಿನಲ್ಲೇ
ಕಪ್ಪುಗಟ್ಟಿ ಬರುತ್ತವೆ ಇಲ್ಲಿಗೆ.
ಮೈಟೊಕಾಂಡ್ರಿಯ ಉಂಡದ್ದನ್ನು ಶಕ್ತಿಯಾಗಿಸುತ್ತದಂತೆ;
ನಾನು ಕಂಡದ್ದು ಒಳಪೊರೆಯ ನೆರಿಗೆ,
ಒಲೆ ಆರಿದ ಮೇಲೆ ಬಂದವಳು ನಾನು.
ಗಾಲ್ಗಿ ಕಟ್ಟಿ, ಚೀಟಿ ಹಚ್ಚಿ, ಕಳಿಸುತ್ತದಂತೆ;
ನಾನು ಕಂಡದ್ದು ಬಾಗಿದ ತಟ್ಟೆಗಳ ಅಟ್ಟಿ,
ಅಂಚಿನಲ್ಲಿ ಕಳಚಿಯೂ ಹೊರಡದ ಒಂದು ಗುಳ್ಳೆ.
ಇಲ್ಲಿ ಸಿಗುವುದೆಲ್ಲ ನಾಮಪದ, ಕೈರಿ.
ಕ್ರಿಯಾಪದ ನಾವೇ ತುಂಬಬೇಕು.

ಈ ಚೂರು ನಾನೂರ ಹದಿನೇಳು. ವಯಸ್ಸು ಮೂರು.
ಹೆಸರು ನಮಗೆ ಹೇಳುವುದಿಲ್ಲ, ಒಳ್ಳೆಯದೇ.
ಲೈಸೋಸೋಮು ನೋಡು,
ಸವೆದದ್ದನ್ನು ಮುರಿದು ಕರಗಿಸುವ ಚೀಲ,
ಸಾಸಿವೆಯಷ್ಟಿರಬೇಕಾದದ್ದು.
ಊದಿದೆ.
ಒಂದಲ್ಲ.
ಪರದೆ ಸರಿಸು, ಅಲ್ಲೂ. ಇನ್ನೂ ಸರಿಸು.
ಒಂದು ಕಿಣ್ವ ಇಲ್ಲ, ಅಷ್ಟೆ.
ಗುಡಿಸುವವನೊಬ್ಬ ಹುಟ್ಟಲೇ ಇಲ್ಲ,
ಮೂರು ವರ್ಷದ ಕಸ ಒಳಗಿನಿಂದ ಕದ ದೂಡುತ್ತಿದೆ.

ನಿನ್ನೆ ಮೆಟ್ಟಿಲ ಬಳಿ ಒಬ್ಬ ನಿಂತಿದ್ದ,
ಪೇಯ್ಪ್ಸಿ ಸರೋವರದ ಕಡೆಯವನು,
ಮೈಯೆಲ್ಲ ಹೊಗೆ ಹಾಕಿದ ಮೀನಿನ ವಾಸನೆ,
ಜೇಬಿನಿಂದ ಇಣುಕುವ ಮಗುವಿನ ಕೈಗವಸು, ಒಂದೇ.
"ನೀವೇನಾ ನೋಡುವವರು?"
ಹೇಳಬೇಕಾದವರು ಡಾಕ್ಟರು, ನಾನಲ್ಲ.
"ಕೊಯ್ತ ಚೆನ್ನಾಗಿ ಬಂದಿದೆ" ಎಂದೆ.
ಅವನ ಮುಖ ಅರಳಿತು. ಹಾಗಂದದ್ದೇ ತಪ್ಪಾಯಿತು ನೋಡು.
ಪತ್ರಿಕೆಯಲ್ಲಿ ಸುತ್ತಿ ಮೂರು ಮೀನು ಕೊಟ್ಟು ಹೋದ.
ಕಿಟಕಿಯಲ್ಲಿದೆ ಪೊಟ್ಟಣ, ಬಿಚ್ಚಿಲ್ಲ.

ಇಲ್ಲಿ ನೋಡು, ಊದಿದ ಎರಡು ಚೀಲಗಳ ಸಂದಿಯಲ್ಲಿ
ಒಂದು ಮೈಟೊಕಾಂಡ್ರಿಯ, ಒತ್ತರಿಸಿಕೊಂಡು,
ನೆರಿಗೆ ಒಂದೂ ಕೆಟ್ಟಿಲ್ಲ.
ಸೂಜಿ ಚುಚ್ಚಿದ ಗಳಿಗೆಯವರೆಗೂ ಇದು ದುಡಿಯುತ್ತಿತ್ತು.
ಈ ಕ್ರಿಯಾಪದ ನನ್ನದು. ಹಿಂತೆಗೆಯುವುದಿಲ್ಲ.

ಲೈಡಾಳ ಎವೆಯ ತುದಿ ಸೀಳಿದೆ, ಇವತ್ತೇ ಕಂಡದ್ದು.
ಕನ್ನಡಿ ಬಾಗಿಲ ಹಿಂದಿದೆ.
ಎಡಗಣ್ಣಿನ ಹೊರತುದಿಯಿಂದ ಒಂದು ಕೀಳು,
ಅಲ್ಲಿನವು ಚೆನ್ನಾಗಿ ಬಾಗಿರುತ್ತವೆ.
ನೀರು ಬರುತ್ತದೆ. ಒರೆಸಿಕೊಂಡು ಬಾ,
ಇನ್ನೂ ಆರು ಜಾಲರಿ ಬಾಕಿ.